ದಾರಿ ಬಿಡು

ಜನವರಿ ೬

ಮೊಂಡನಿಗೆ,

ಕುಶಲ ಕೇಳಲು ಬರೆದದ್ದಲ್ಲ. ನಿನ್ನ ಜೊತೆ ಮಾತಾಡುವುದಿಲ್ಲ ಅಂತ ಆಣೆ ಹಾಕಿದ್ದೆ, ಬರೆಯುವುದಿಲ್ಲ ಅಂತ ಹಾಕಿರಲಿಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ಒಂದು ದಿನ ಪತ್ರ ಬರೆಯುತ್ತಾಳೆ ಅಂತ ಯಾರಿಗೆ ಗೊತ್ತಿತ್ತು, ಆಣೆಯಲ್ಲಿ ಅದನ್ನೂ ಸೇರಿಸಲು? ಅಕ್ಷರ ಸೊಟ್ಟಗಿದ್ದರೆ ತಲೆ ಸೊಟ್ಟ ಮಾಡಿಕೊಂಡು ಓದು.

ವಿಷಯ ಇಷ್ಟೇ. ಗುಡ್ಡದ ಬುಡದಿಂದ ಹೊಳೆಯವರೆಗೆ ಹೊಲ ಇರುವವರೆಲ್ಲ ಸಂಘ ಕಟ್ಟಿಕೊಂಡು ದಾರಿ ಬಿಡುತ್ತಿದ್ದೇವೆ. ಸಂಘದ ಕಾಗದ ನಿನಗೂ ಬಂದಿರಬೇಕು. ಅದರಲ್ಲಿ ಎಲ್ಲ ಬರೆದಿದೆ, ನಾನು ಮತ್ತೆ ಕೊರೆಯುವುದಿಲ್ಲ. ಎಲ್ಲರೂ ಒಪ್ಪಿದ್ದಾರೆ. ನಿನ್ನ ಪಕ್ಕದ ಹೊಲದ ಹೊಗೆಬಾಯಿ ಕೂಡ, ಬಾಯಿಂದ ಸಿಗರೇಟು ತೆಗೆದು ಒಪ್ಪಿದ. ಉಳಿದಿರುವವನು ನೀನೊಬ್ಬ.

ದೊಡ್ಡ ರಸ್ತೆ ಅಗಲವಾದ ಮೇಲೆ, ಸುತ್ತಿ ಹೋಗಲು ಹೋಗಿ ಸಾಯುತ್ತಿವೆ. ಮೊನ್ನೆ ಲಾರಿಗೆ ಸಿಕ್ಕಿ ಇನ್ನೊಂದು ಸತ್ತಿತು. ಹೊಟ್ಟೆಯಲ್ಲಿ ಮರಿ ಇತ್ತು. ನಾನೇ ಕಾಲು ಹಿಡಿದು ಎಳೆದು ಬದಿಗೆ ಹಾಕಿದೆ.

ನಿನ್ನ ಬೇಲಿ ಇರುವ ಕಡೆಯಲ್ಲೇ, ಮೇಲಿನಿಂದ ಕೆಳಗಿನವರೆಗೆ, ಇಪ್ಪತ್ತು ಅಡಿ ದಾರಿ ಬಿಡು. ಆಗುತ್ತದೆ ಅಂತಲೋ ಆಗುವುದಿಲ್ಲ ಅಂತಲೋ ಬರೆ. ಸುತ್ತಿ ಬಳಸಿ ಬರೆದರೆ ಒಲೆಗೆ ಹಾಕುತ್ತೇನೆ.

ಅಕ್ಕ


ಜನವರಿ ೧೯

ಅಕ್ಕಾ,

ನಾವು ಮನೆ ಬದಲಾಯಿಸಿದ್ದೇವೆ. ನಿನ್ನ ಪತ್ರ ಹಳೆಯ ವಿಳಾಸಕ್ಕೆ ಹೋಗಿ, ಅಲ್ಲಿನ ಕಾವಲುಗಾರ ಕೆಲಸದ ಜಾಗಕ್ಕೇ ತಂದುಕೊಟ್ಟ. ಸಂಘದ ಕಾಗದ ಯಾವುದೂ ಬರಲಿಲ್ಲ. ಬರಬೇಕಾಗಿಯೂ ಇಲ್ಲ. ನೀನು ಬರೆದೆಯಲ್ಲ, ಸಾಕು.

ರಿಪೇರಿಗೆ ಇಳಿದಿದ್ದ ಲಿಫ್ಟಿನ ತಳದ ಗುಂಡಿಯಲ್ಲೇ ಟಾರ್ಚು ಹಿಡಿದು ಓದಿದೆ. ಮೇಲೆ ಯಾವುದೋ ಮಹಡಿಯಲ್ಲಿ ಜನ ಬಾಗಿಲು ಬಡಿಯುತ್ತಿದ್ದರು. ಬಡಿಯಲಿ ಅಂತ ಬಿಟ್ಟು ಎರಡನೇ ಸಲ ಓದಿದೆ.

ಆಗುತ್ತದೆ.

ಸತ್ತ ವಿಷಯ ಓದಿದ ಮೇಲೆ ಊಟ ಸೇರಲಿಲ್ಲ. ಯಾರಿಂದ ಸತ್ತಿತು ಅಂತ ನೀನು ಬರೆದಿಲ್ಲ, ಆದರೂ ನನಗೆ ಗೊತ್ತಾಯಿತು. ಇನ್ನು ಒಂದೂ ಸಾಯಬಾರದು. ನಾನೇ ಜನ ಗೊತ್ತುಮಾಡಿ ಕಳಿಸುತ್ತೇನೆ. ನೀನು ಎದುರು ನಿಲ್ಲುವುದು ಬೇಡ, ಮುಗಿದ ಮೇಲೆ ನೋಡಿದರೆ ಸಾಕು. ಇಷ್ಟು ವರ್ಷ ಒಂದು ಸಲವೂ ಕೇಳಲಿಲ್ಲವಲ್ಲಕ್ಕಾ ನೀನು.

ಮೊಣಕಾಲು ಹೇಗಿದೆ?

ಮೊಂಡ


ಜನವರಿ ೩೦

ಮೊಂಡ,

ನೀನು ಇಷ್ಟು ಬೇಗ ಒಪ್ಪಿದ್ದು ನೋಡಿ ನನಗೆ ಅನುಮಾನವೇ ಬಂತು. ನಿನ್ನ ಹೆಸರಿನಲ್ಲಿ ಬೇರೆ ಯಾರಾದರೂ ಬರೆದರೋ ಅಂತ ಪತ್ರವನ್ನು ಬೆಳಕಿಗೆ ಹಿಡಿದೆ. ನಿನ್ನದೇ ಅಕ್ಷರ, ಕೋಳಿ ಕೆದರಿದ ಹಾಗೆ.

ಜಗಳಕ್ಕೆ ಸೆರಗು ಸಿಕ್ಕಿಸಿ ನಿಂತವಳಿಗೆ ಜಗಳ ಸಿಗದಿದ್ದರೆ ಕೈಕಾಲು ಆಡುವುದಿಲ್ಲ. ಅದಕ್ಕೇ, ಯಾರಿಗೂ ಬಾಯಿಬಿಟ್ಟು ಹೇಳದ ಒಂದು ವಿಷಯ ಬರೆದುಬಿಡುತ್ತೇನೆ.

ಹೊಲ ಪಾಲಾದ ವರ್ಷ, ನೀನು ಗಡಿಕಲ್ಲು ಸರಿಸಿದೆ ಅಂತ ನಾಲ್ಕು ಜನರ ಮುಂದೆ ನಿನಗೆ ಅಂದೆ. ನೀನು ಮಾರನೆಯ ದಿನವೇ, ನಿನ್ನ ಹೊಲದ ಅಂಚಿನಲ್ಲಿ ನನ್ನ ಹೊಲಕ್ಕೆ ಹತ್ತುವ ಗಾಡಿದಾರಿಯ ಮೇಲೇ ಉದ್ದಕ್ಕೂ ಮುಳ್ಳು ನೆಡಲು ಶುರುಮಾಡಿದೆ. ಕೈ ತೂರದಷ್ಟು ಒತ್ತಾಗಿ ಮೂರು ಸಾಲು. ಆಮೇಲೆ ನೀನು ಹೊಲ ಬೀಳು ಬಿಟ್ಟು ಊರೂ ಬಿಟ್ಟೆ. ಇಪ್ಪತ್ತು ವರ್ಷದಿಂದ ನಾನು ದೊಡ್ಡ ರಸ್ತೆ ಹಿಡಿದು ಸುತ್ತಿ ಹೋಗುತ್ತಿದ್ದೇನೆ. ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ ನಿನ್ನನ್ನು ಬೈಯುತ್ತೇನೆ.

ಆ ಬೇಲಿ ಈಗ ಹೇಗಿದೆ ಗೊತ್ತೇನೋ? ಎರಡಾಳು ಎತ್ತರ. ಒಳಗೆ ಹಗಲಲ್ಲೂ ಕತ್ತಲು. ಮುಳ್ಳುಹಂದಿ ಇವೆ, ಮೊಲ ಇವೆ, ಹಕ್ಕಿಗಳನ್ನಂತೂ ಕೇಳಬೇಡ. ಕಾಡುಬೆಕ್ಕು ಮರಿ ಹಾಕಿದೆ. ಗುಡ್ಡದ ಜಿಂಕೆಗಳು ನೀರಿಗೆ ಇಳಿಯುವುದು ಅದರ ಮರೆಯಲ್ಲೇ. ಕೆಳಗೆ ರಸ್ತೆಯಡಿಯ ಮೋರಿ ದಾಟಿದರೆ ಹೊಳೆ. ಆ ಮರೆ ಹಿಡಿದು ಬಂದವು ಬದುಕುತ್ತವೆ. ಬೇರೆ ಹೊಲಗಳ ತಂತಿಗೆ ಹೆದರಿ ಸುತ್ತಿ ಬಂದವು ರಸ್ತೆಗೆ ಹತ್ತಿ ಸಾಯುತ್ತವೆ. ಅದಕ್ಕೇ ಈ ಸಾಲಿನವರೆಲ್ಲ ತಂತಿ ಕಿತ್ತು, ಪೊದೆ ಬೆಳೆಸಿ, ಅವುಗಳಿಗೆ ದಾರಿ ಬಿಡುತ್ತಿರುವುದು.

ಹೆಜ್ಜೆ ಗುರುತು ನೋಡುವ ಹುಡುಗಿಯೊಬ್ಬಳು ಸಂಘದ ಕಡೆಯಿಂದ ಬಂದಿದ್ದಳು. "ಅಜ್ಜೀ, ಬೇರೆಯವರ ಪೊದೆ ಎದ್ದು ನಿಲ್ಲೋಕೆ ಇನ್ನೂ ಎಷ್ಟೋ ವರ್ಷ ಬೇಕು. ಇದೊಂದು ಇರೋದಕ್ಕೇ ದಾರಿ ನಡೀತಿರೋದು. ಯಾರು ನೆಟ್ಟಿದ್ದು?" ಅಂದಳು. ನನ್ನ ತಮ್ಮ ಅಂದೆ. "ಎಂಥಾ ದೊಡ್ಡ ಮನಸ್ಸು ಅವರದು!" ಅಂದಳು. ನಗು ತಡೆಯಲಾಗದೆ ಕೆಮ್ಮಿದ ಹಾಗೆ ಮಾಡಿದೆ.

ನೀನು ಜನ ಯಾಕೆ ಕಳಿಸುತ್ತೀಯೋ ಗೊತ್ತಿಲ್ಲ, ಆಕಡೆ ಈಕಡೆ ಸಸಿ ನೆಡಲಿಕ್ಕಿರಬೇಕು. ಬರಲಿ, ಚಹಾ ಮಾಡಿಕೊಡುತ್ತೇನೆ. ನಾಳೆ ನಾಡಿದ್ದು ಮಾತ್ರ ಮನೆಯಲ್ಲಿರುವುದಿಲ್ಲ, ಸಂಘದ ಸಭೆಗೆ ಪೇಟೆಗೆ ಹೋಗುತ್ತೇನೆ. ಈ ಪತ್ರವನ್ನೂ ಅಲ್ಲೇ ಹಾಕುತ್ತೇನೆ.

ಮೊಣಕಾಲು ಇದ್ದಲ್ಲೇ ಇದೆ.

ಅಕ್ಕ


ಫೆಬ್ರವರಿ ೨

ಏನು ಮಾಡಿಟ್ಟೆಯೋ?

ಬಸ್ಸಿನಿಂದ ಇಳಿದು ತಲೆ ಎತ್ತಿದರೆ ಆಕಾಶ ಕಂಡಿತು. ಆ ಜಾಗದಲ್ಲಿ ಆಕಾಶ ಕಾಣಬಾರದು. ಓಡಿದೆ, ಈ ಮೊಣಕಾಲಿನಲ್ಲಿ. ಬೇಲಿ ಇಲ್ಲ. ಬೇಲಿ ಇದ್ದ ಕಡೆ ಕೆಂಪು ಮಣ್ಣು, ಅದರ ಮೇಲೆ ಜಲ್ಲಿ. ಬುಲ್ಡೋಜರಿನವನು ನನ್ನನ್ನು ನೋಡಿ ಹಲ್ಲು ಬಿಟ್ಟ. "ಅಮ್ಮಾ, ಒಂದು ಬೇರೂ ಉಳೀಬಾರದು ಅಂತ ನಿಮ್ಮ ತಮ್ಮ ಹೇಳಿದ್ರು. ಹೇಗಿದೆ ಕೆಲಸ?" ನನ್ನ ಕೊಡೆ ಮುರಿದಿದೆ. ಅವನಿಗೇನೂ ಆಗಿಲ್ಲ, ಯಂತ್ರಕ್ಕೆ ಹೊಡೆದೆ.

ಕಿತ್ತ ಮುಳ್ಳನ್ನೆಲ್ಲ ರಾಶಿ ಹಾಕಿ ಬೆಂಕಿ ಇಟ್ಟಿದ್ದಾರೆ. ಕಾಡುಬೆಕ್ಕು ಬದುವಿನ ಮೇಲೆ ಕೂತು ಬೆಂಕಿ ನೋಡುತ್ತಿತ್ತು. ನಾನು ಹತ್ತಿರ ಹೋದರೂ ಓಡಲಿಲ್ಲ. ಮರಿ ಎಲ್ಲಿ ಅಂತ ಅದನ್ನು ಕೇಳುವ ಧೈರ್ಯ ನನಗಿಲ್ಲ. ನೀನು ಬಂದು ಕೇಳು.

ಒಪ್ಪಿದ ಹಾಗೆ ನಾಟಕ ಆಡಿ ಬೆನ್ನ ಹಿಂದೆ ಕಡಿಸಿದೆಯಲ್ಲ. ಇಪ್ಪತ್ತು ವರ್ಷವಾದರೂ ನಿನ್ನ ಹಗೆ ತೀರಲಿಲ್ಲವಾ? ಪೇಟೆಯಲ್ಲಿ ಹಾಕಿದ ಪತ್ರ ತಲುಪಿದರೆ ಓದಬೇಡ, ಸುಡು. ಸುಡಲು ನಿನಗೆ ಚೆನ್ನಾಗಿ ಬರುತ್ತದೆ.


ಫೆಬ್ರವರಿ ೩

ಅಕ್ಕಾ,

ಕೆಲಸ ಮುಗಿಯಿತು ಅಂತ ಬುಲ್ಡೋಜರಿನವನು ಫೋನ್ ಮಾಡಿದ. ಅಮ್ಮ ಸ್ವಲ್ಪ ಕೋಪದವರು ಅಂದ. ಅದು ನನಗೆ ಹೇಳಬೇಕಾ!

ನಿನಗೆ ಹಿಡಿಸಿತಾ? ನೀನು ಇಪ್ಪತ್ತು ಅಡಿ ಅಂದೆ, ನಾನು ಇಪ್ಪತ್ತೈದು ಮಾಡಿಸಿದೆ. ಟ್ರಾಕ್ಟರು ಬಂದರೂ ಆರಾಮಾಗಿ ತಿರುಗಲಿ. ಮಳೆಗಾಲದಲ್ಲಿ ನಿನ್ನ ಮೊಣಕಾಲು ಜಾರಬಾರದು ಅಂತ ಜಲ್ಲಿ ಹಾಕಿಸಿದ್ದೇನೆ. ಇನ್ನು ಆಡುಗಳನ್ನು ದೊಡ್ಡ ರಸ್ತೆಗೆ ಹೊಡೆದುಕೊಂಡು ಹೋಗುವುದು ಬೇಡ, ನೇರ ನಿನ್ನ ಹೊಲಕ್ಕೆ ಹತ್ತಿಸು. ಆ ಗಬ್ಬದ ಆಡು ಲಾರಿಗೆ ಸಿಕ್ಕಿದ್ದು ನನ್ನ ಬೇಲಿಯಿಂದ. ಬೇರೆ ಆಡು ಕೊಡಿಸುತ್ತೇನೆ, ಬೇಡ ಅನ್ನಬೇಡ.

ಲಿಫ್ಟಿನಲ್ಲಿ ಸಿಕ್ಕಿಕೊಂಡವರು ಒಳಗಿಂದ ಬಡಿಯುವಾಗಲೆಲ್ಲ ನನಗೆ ಆ ಮುಳ್ಳು ನೆನಪಾಗುತ್ತಿತ್ತು. ಎಷ್ಟೋ ಬಾಗಿಲು ಬಿಡಿಸಿದೆ, ಅದೊಂದು ಮಾತ್ರ ಹಾಗೇ ಉಳಿದಿತ್ತು. ಈಗ ಮನಸ್ಸು ಹಗುರಾಯಿತು.

ಮೊಂಡ


ಫೆಬ್ರವರಿ ೧೧

ಮೊಂಡ,

ಆಡು! ಯಾವ ಆಡೋ? ನಾನು ಆಡು ಸಾಕುವುದು ಬಿಟ್ಟು ಎಷ್ಟೋ ಕಾಲವಾಯಿತು. ಸತ್ತದ್ದು ಜಿಂಕೆ!

ಹಗೆಯಿಂದ ಕಡಿಸಿದೆ ಅಂದುಕೊಂಡಿದ್ದೆ. ಹಾಗೆ ಅಂದುಕೊಂಡಿದ್ದಾಗ ಒಂದು ರೀತಿಯ ಸಮಾಧಾನವಾದರೂ ಇತ್ತು. ಪ್ರೀತಿಯಿಂದ ಕಡಿಸಿದ್ದೀಯ. ಈಗ ನಾನು ಯಾರ ಮೇಲೆ ಹೋಗಲಿ?

ದಾರಿ ಬಿಡು ಅಂದೆ. ದಾರಿ ಮಾಡು ಅಂದೆನಾ? ಹೊಲ ಬೀಳು ಬಿಡು ಅಂದರೆ ನೇಗಿಲು ಕಟ್ಟುತ್ತಾರಾ? ಕರುವಿಗೆ ಹಾಲು ಬಿಡು ಅಂದರೆ ಚೊಂಬು ಹಿಡಿದು ಕರೆಯುತ್ತಾರಾ? ಬಿಡು ಅಂದರೆ ಕೈ ಹಚ್ಚಬೇಡ ಅಂತ! ಹಾಗೇ ಇರಲಿ ಅಂತ! ಊರು ಬಿಟ್ಟವನಿಗೆ ಊರಿನ ಮಾತೂ ಬಿಟ್ಟುಹೋಯಿತಾ?

ಮರೆ ಹೋದಮೇಲೆ ಜಿಂಕೆಗಳು ಗುಡ್ಡದಿಂದ ಇಳಿದು ಬಂದು, ನಿನ್ನ ಜಲ್ಲಿಯ ಮುಂದೆ ನಿಂತು, ರಸ್ತೆಯ ಕಡೆ ತಿರುಗುತ್ತಿವೆ. ಕಾಡುಹಂದಿಗಳು ಹೊಗೆಬಾಯಿಯ ಬೆಳೆಗೆ ನುಗ್ಗಿವೆ. ನಿನ್ನೆ ಅವನು ಅಂಗಳದಲ್ಲಿ ನಿಂತು ಕೂಗಾಡಿದ. "ಅಕ್ಕೋ, ಪ್ರಾಣಿ ಪ್ರಾಣಿ ಅಂತ ನನ್ನ ಕೈಲಿ ತಂತಿ ಕೀಳಿಸಿದ್ಯಲ್ಲ, ನಿನ್ನ ತಮ್ಮನೇ ಬಾಗಿಲು ತೆರೆದಿಟ್ಟಿದಾನೆ. ನಾನೇನು ಹಂದಿಗೆ ಬಿತ್ತಿದ್ನಾ?" ನಾನು ಬಾಯಿ ಮುಚ್ಚಿಕೊಂಡು ನಿಂತಿದ್ದೆ. ನಾನು, ಬಾಯಿ ಮುಚ್ಚಿಕೊಂಡು! ಅದನ್ನು ಯೋಚನೆ ಮಾಡು.

ಅಕ್ಕ


ಫೆಬ್ರವರಿ ೨೩

ಅಕ್ಕಾ,

ನಿನ್ನ ಮೂರು ಪತ್ರವೂ ಹಳೆಯ ವಿಳಾಸದಲ್ಲೇ ಬಿದ್ದಿದ್ದು, ಒಟ್ಟಿಗೆ ಕೈಗೆ ಬಂದವು. ಸುಡು ಅಂದದ್ದನ್ನು ಸುಡಲಿಲ್ಲ, ಓದಿದೆ. ಓದದೆ ಇದ್ದಿದ್ದರೆ ಚೆನ್ನಾಗಿತ್ತು.

ಈಗ ನಾನೂ ಸ್ವಲ್ಪ ಕೇಳುತ್ತೇನೆ. ಆ ಬೇಲಿಯ ಬಗ್ಗೆ ನಿನ್ನ ಬಾಯಿಂದ ಒಂದು ಒಳ್ಳೆಯ ಮಾತು ಯಾವತ್ತಾದರೂ ಬಂದಿತ್ತಾ? ಊರಿಂದ ಬಂದವರೆಲ್ಲ ಒಂದೇ ಹೇಳುತ್ತಿದ್ದರು, "ನಿಮ್ಮಕ್ಕ ಆ ಮುಳ್ಳಿನ ಮುಂದೆ ನಿಂತು ನಿಂಗೆ ಶಾಪ ಹಾಕ್ತಾಳೆ" ಅಂತ. ಹೊರಗೆ ಶಾಪ ಹಾಕುತ್ತಿದ್ದವಳು ಒಳಗೆ ಇಣುಕಿ ಬೆಕ್ಕಿನ ಮರಿ ನೋಡುತ್ತಿದ್ದೆ ಅಂತ ನನಗೆ ಕನಸು ಬೀಳಬೇಕಾ?

ನಿನ್ನ ಮನೆಯಲ್ಲಿ ಫೋನಿದೆ. ಒಂದು ಸಲ ಎತ್ತಿ "ಜಿಂಕೆಗೆ ಕಣೋ" ಅಂದಿದ್ದರೆ ಸಾಕಿತ್ತು. ಇಲ್ಲ, ನಿನಗೆ ಆಣೆ ದೊಡ್ಡದು. ನನ್ನ ಮಗಳ ಮದುವೆಯಲ್ಲಿ ನಾನು ಎದುರಿಗೇ ನಿಂತಿದ್ದರೂ ನನ್ನ ಹೆಂಡತಿಯ ಹತ್ತಿರ "ನಿನ್ನ ಗಂಡನಿಗೆ ಹೇಳಮ್ಮಾ, ಊಟ ಚೆನ್ನಾಗಿತ್ತು" ಅಂದವಳು ನೀನು. ಅವಳು ನನ್ನ ಕಡೆ ತಿರುಗಿ "ಊಟ ಚೆನ್ನಾಗಿತ್ತಂತೆ" ಅಂದಳು. ಬೀಗರೆಲ್ಲ ನಕ್ಕರು. ನಾನೂ ನಕ್ಕೆ, ಹೇಗೆ ನಕ್ಕೆ ಅಂತ ನನಗೇ ಗೊತ್ತು.

ನಾನು ತಪ್ಪು ಮಾಡಿದೆ. ಆದರೆ ಒಬ್ಬನೇ ಮಾಡಲಿಲ್ಲ.

ಸಸಿ ನೆಡಲು ಆಳುಗಳಿಗೆ ಹೇಳಿದ್ದೇನೆ. ಬೇರೇನಾದರೂ ಆಗಬೇಕಿದ್ದರೆ ಬರೆ.


ಏಪ್ರಿಲ್ ೯

ಮೊಂಡ,

ಇಷ್ಟು ದಿನ ಯಾಕೆ ಬರೆಯಲಿಲ್ಲ ಅಂತ ಕೇಳಬೇಡ. ನಿನ್ನ ಪತ್ರವನ್ನು ಒಲೆಗೆ ಹಾಕಲು ತೆಗೆದುಕೊಂಡು ಹೋಗುವುದು, ಆ ಕೊನೆಯ ಸಾಲು ಕಣ್ಣಿಗೆ ಬೀಳುವುದು, ವಾಪಸು ತಂದು ಡಬ್ಬಿಯ ಕೆಳಗೆ ಇಡುವುದು. ಅದೇ ಆಯಿತು.

ನಿನ್ನ ಆಳುಗಳು ಬಂದು ನೆಟ್ಟು ಹೋದರು. ಜಲ್ಲಿಯ ನಡುವೆ ಗುಂಡಿ ತೋಡಿ, ಕೈ ಚಾಚಿದಷ್ಟು ದೂರಕ್ಕೊಂದು ಸಸಿ, ಪ್ರತಿಯೊಂದಕ್ಕೂ ಒಂದು ಕೋಲು. ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗಿವೆ. ಅರ್ಧ ಆಗಲೇ ಒಣಗಿವೆ. ಉಳಿದ ಅರ್ಧ ಜೀವ ಹಿಡಿದುಕೊಂಡು ನನ್ನ ಮುಖ ನೋಡುತ್ತವೆ.

ಕೂಲಿಯವರು ಕೂಲಿಗೆ ನೆಡುತ್ತಾರೆ. ನೀನು ಆವತ್ತು ಸಿಟ್ಟಿಗೆ ನೆಟ್ಟಿದ್ದೆ. ಗುಡ್ಡದ ಯಾವುದೋ ಮಗ್ಗುಲಿನಿಂದ ಹಸಿ ಕಡ್ಡಿ ಕಡಿದು ತಂದು, ಓರೆಯಾಗಿ ಚುಚ್ಚಿ, ಒಂದಕ್ಕೊಂದು ಹೆಣೆದು, ಕಾಲಲ್ಲಿ ಒದ್ದು ಗಟ್ಟಿ ಮಾಡುತ್ತಿದ್ದೆ. ಒಂದೊಂದು ಒದೆತಕ್ಕೂ ನನ್ನ ಹೆಸರು ಹಿಡಿದು ಏನೋ ಅನ್ನುತ್ತಿದ್ದೆ, ನಾನು ಮೇಲಿನ ಹೊಲದಲ್ಲಿ ನಿಂತು ಕೇಳಿಸಿಕೊಂಡಿದ್ದೇನೆ. ಅದರಲ್ಲಿ ಒಂದು ಕಡ್ಡಿಯೂ ಸಾಯಲಿಲ್ಲ. ಯಾವ ಮುಳ್ಳು, ಯಾವ ಮಗ್ಗುಲಿನದು ಅಂತ ಗೊತ್ತಿರುವವನು ನೀನೊಬ್ಬನೇ.

ನಿನ್ನೆ ಸಭೆಯಲ್ಲಿ ತೀರ್ಮಾನವಾಯಿತು. ಮಳೆ ಹಿಡಿಯುವುದರೊಳಗೆ ನಿನ್ನ ಹೊಲದ ಬಾಯಿ ಮುಚ್ಚದಿದ್ದರೆ ಎಲ್ಲರೂ ಮತ್ತೆ ತಂತಿ ಎಳೆಯುತ್ತಾರೆ. ಹೊಗೆಬಾಯಿ ಆಗಲೇ ಒಂದು ಸುರುಳಿ ತಂದು ಅಂಗಳದಲ್ಲಿ ಇಟ್ಟಿದ್ದಾನೆ. ತಂತಿ ಬಂದರೆ ಗುಡ್ಡದವು ಗುಡ್ಡದಲ್ಲೇ ನೀರಿಲ್ಲದೆ ಸಾಯಬೇಕು, ಇಲ್ಲವೇ ರಸ್ತೆಯಲ್ಲಿ.

ಬಾ. ಬಂದು ನನ್ನ ದಾರಿ ಮುಚ್ಚು. ಮುಚ್ಚು ಅಂದರೆ ಮುಚ್ಚು, ಅದಕ್ಕೂ ಬೇರೆ ಅರ್ಥ ಹುಡುಕಬೇಡ. ಸಿಟ್ಟು ಬರುವುದಿಲ್ಲ ಅಂದರೆ ನಾನು ಬರಿಸುತ್ತೇನೆ.

ಅಕ್ಕ


ಮೇ ೨

ಅಕ್ಕಾ, ರಜೆ ಕೇಳಿದೆ. ಹೊಸ ಕಟ್ಟಡದ ಲಿಫ್ಟು ಓಡುವವರೆಗೆ ಆಗುವುದಿಲ್ಲ ಅಂದರು. ಮತ್ತೆ ಕೇಳುತ್ತೇನೆ.


ಮೇ ೧೦

ಜನ ಮೆಟ್ಟಿಲು ಹತ್ತಲಿ. ಇಲ್ಲಿ ಮೋಡ ಕಟ್ಟುತ್ತಿದೆ.


ಮೇ ೧೯

ಮೊಂಡ,

ಬಂದದ್ದು ಕಂಡೆ. ಕೆಲಸ ಬಿಟ್ಟು ಬಂದೆಯಾ, ರಜೆ ಹಾಕಿ ಬಂದೆಯಾ ಅಂತ ಕೇಳಬೇಕು, ಆದರೆ ಆಣೆ ಇನ್ನೂ ಇದೆ. ಅದಕ್ಕೇ ಬಾಗಿಲಿಗೆ ಈ ಚೀಟಿ ಸಿಕ್ಕಿಸಿದ್ದೇನೆ. ಬಚ್ಚಲಲ್ಲಿ ನೀರು ಕಾದಿದೆ. ಊಟ ಮುಚ್ಚಿಟ್ಟಿದೆ. ಎಷ್ಟು ಬಿಳಿ ಕೂದಲೋ ನಿನಗೆ!


ಮೇ ೨೦

ಅಕ್ಕಾ, ನಿನ್ನ ಚೀಟಿಯ ಬೆನ್ನಿಗೇ ಬರೆದು ಅದೇ ಬಾಗಿಲಿಗೆ ಸಿಕ್ಕಿಸುತ್ತಿದ್ದೇನೆ. ಸಂಬಳವಿಲ್ಲದ ರಜೆ. ಜಲ್ಲಿಯನ್ನೆಲ್ಲ ಕೈಯಲ್ಲೇ ಆರಿಸಿ ತೆಗೆಯಬೇಕು, ಯಂತ್ರದವನನ್ನು ಕರೆದರೆ ನೀನು ಇನ್ನೊಂದು ಕೊಡೆ ಮುರಿಯುತ್ತೀಯ. ಕಡ್ಡಿ ಗುಡ್ಡದ ಹಿಂಬದಿಯಲ್ಲಿ ಈಗಲೂ ಇದೆ. ಕೈಗವಸು ಎಲ್ಲಿಟ್ಟಿದ್ದೀಯ?


ಮೇ ೨೧

ಕೈಗವಸು ಇಲ್ಲ. ಆವತ್ತು ಹಾಕಿಕೊಂಡಿದ್ದೆಯಾ?


ಮೇ ೨೬

ಮೊದಲನೇ ಸಾಲು ಪರವಾಗಿಲ್ಲ. ಎರಡನೆಯದು ಸಡಿಲ. ಮುಷ್ಟಿ ತೂರಿಸಿ ನೋಡಿದೆ, ಸಲೀಸಾಗಿ ಹೋಯಿತು. ಅತಿಥಿಗೆ ಎಲೆ ಹಾಕುವ ಹಾಗೆ ನಯವಾಗಿ ನೆಡುತ್ತಿದ್ದೀಯ. ಇದು ಬೇಲಿಯಲ್ಲ, ಮರ್ಯಾದೆ.

ಗಡಿಕಲ್ಲು ಸರಿಸಿದವನು ನೀನೇ. ಆವತ್ತು ಹೇಳಿದ್ದನ್ನೇ ಈಗಲೂ ಹೇಳುತ್ತೇನೆ. ಅಪ್ಪ ಇಟ್ಟ ಕಲ್ಲನ್ನು ಕದ್ದು ಸರಿಸಿದೆ.

ಸಿಟ್ಟು ಬಂತಾ? ಹೋಗು, ನೆಡು.


ಮೇ ೨೭

ಸರಿಸಲಿಲ್ಲ! ಆವತ್ತೂ ಸರಿಸಲಿಲ್ಲ, ಯಾವತ್ತೂ ಸರಿಸಲಿಲ್ಲ! ಇಪ್ಪತ್ತು ವರ್ಷವಾದರೂ ಅದೇ ರಾಗ! ಸತ್ತು ಮಣ್ಣಾದಮೇಲೂ ಎದ್ದು ಬಂದು ಇದನ್ನೇ ಹೇಳುತ್ತೀಯ ನೀನು!

ಎರಡನೇ ಸಾಲು ಕಿತ್ತು ಮತ್ತೆ ನೆಟ್ಟೆ. ಮೂರನೆಯದೂ ಶುರುವಾಗಿದೆ. ಈಗ ಹೋಗಿ ಮುಷ್ಟಿ ತೂರಿಸಿ ನೋಡು, ವಾಪಸು ಬಂದರೆ ಹೇಳು!


ಜೂನ್ ೧೯

ಮೊಂಡ,

ಮಳೆ ಹಿಡಿದಿದೆ. ಕಡ್ಡಿಗಳು ಚಿಗುರಿವೆ. ಮೂರನೇ ಸಾಲು ಎಲ್ಲಕ್ಕಿಂತ ಜೋರಾಗಿದೆ, ಅದರ ಪುಣ್ಯ ನನ್ನದು.

ನೀನು ನೆಡುವಾಗ ಹೊಗೆಬಾಯಿ ದಿನಾ ಬಂದು ಬದುವಿನ ಮೇಲೆ ಕೂತು "ಏನಪ್ಪಾ ಲಿಫ್ಟು, ಕೆಳಗೇ ನಿಂತುಬಿಟ್ಟಿದೆಯಲ್ಲ" ಅಂತ ರೇಗಿಸುತ್ತಿದ್ದನಲ್ಲ, ಅವನು ತಂತಿ ಎಳೆಯಲಿಲ್ಲ. ಕೇಳಿದರೆ "ನಿಮ್ಮನೆ ಜಗಳ ಬೇಲಿಯಾಗಿ ಬೆಳೆಯೋದನ್ನ ನೋಡೇ ಬಿಡ್ತೀನಿ" ಅನ್ನುತ್ತಾನೆ. ಸುರುಳಿಯ ಮೇಲೆ ಅವನ ಕೋಳಿಗಳು ಕೂರುತ್ತವೆ. ಮೋರಿಯ ಹತ್ತಿರದವನು ಮಾತ್ರ ಕಾಯಲಿಲ್ಲ, ನೀನು ಬರುವ ಮೊದಲೇ ಎಳೆದುಬಿಟ್ಟಿದ್ದ. ದಿನಾ ಅವನ ಮನೆಯ ಮುಂದೆ ಹೋಗಿ ನಿಲ್ಲುತ್ತಿದ್ದೇನೆ. ಬೈಯುವುದಿಲ್ಲ, ಸುಮ್ಮನೆ ನಿಲ್ಲುತ್ತೇನೆ. ಅದಕ್ಕೇ ಜಾಸ್ತಿ ಹೆದರುತ್ತಾನೆ.

ಜಿಂಕೆಗಳು ಇನ್ನೂ ಈ ಕಡೆ ಇಳಿದಿಲ್ಲ. ಗುಡ್ಡದಲ್ಲಿ ಮಳೆನೀರು ನಿಂತಿದೆ, ಬೇಸಿಗೆಯವರೆಗೆ ಅವಕ್ಕೆ ಹೊಳೆ ಬೇಡ. ಅಷ್ಟರೊಳಗೆ ಬೇಲಿ ಸೊಂಟದ ಎತ್ತರಕ್ಕಾದರೂ ಬರಬೇಕು. ಕಾಡುಬೆಕ್ಕು ಒಂದು ಸಲ ಬಂತು. ಮೂಸಿ ನೋಡಿ ಮುಖ ತಿರುಗಿಸಿಕೊಂಡು ಹೋಯಿತು. ಜೊತೆಯಲ್ಲಿ ಮರಿ ಇರಲಿಲ್ಲ. ಇದನ್ನು ನಿನಗೆ ಬರೆಯಬಾರದು ಅಂದುಕೊಂಡಿದ್ದೆ, ಬರೆದೆ. ನಾನೊಬ್ಬಳೇ ಯಾಕೆ ಹೊರಲಿ?

ಬಸ್ಸು ಹತ್ತುವಾಗ ನೀನು ಕೈ ಎತ್ತಿದೆ. ಅಂಗೈ ತುಂಬ ಗೀರು. ಏನೋ ಬಾಯಿಗೆ ಬಂದಿತ್ತು, ಅಷ್ಟರಲ್ಲಿ ಬಸ್ಸು ಹೊರಟಿತು. ಆ ಗೀರಿಗೆ ಏನಾದರೂ ಹಚ್ಚಿಕೋ.

ನಾನು ಮತ್ತೆ ದೊಡ್ಡ ರಸ್ತೆ ಹಿಡಿದು ಸುತ್ತಿ ಹೋಗುತ್ತಿದ್ದೇನೆ. ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ ನಿನ್ನನ್ನು ಬೈಯುತ್ತೇನೆ. ಆ ಬೇಲಿ ಎರಡಾಳು ಎತ್ತರ ಆಗುವ ಹೊತ್ತಿಗೆ ನಾನಿರುವುದಿಲ್ಲ, ಅದಕ್ಕೂ ಸೇರಿಸಿ ಬೈಯುತ್ತೇನೆ. ಗಡಿಕಲ್ಲು ಸರಿಸಿದವನು ನೀನೇ. ಬೇಲಿಯ ಒಳಗೆ ಹಗಲಲ್ಲಿ ಕತ್ತಲು ಆಗುವವರೆಗೆ ಹಾಗಂತಲೇ ಇರುತ್ತೇನೆ. ಆಮೇಲೆ ನೋಡೋಣ.

ಇನ್ನೊಂದು ಸಲ ನನ್ನ ಮೇಲೆ ಕನಿಕರ ಪಟ್ಟು ಏನಾದರೂ ಮಾಡಿಸಿದೆಯೋ, ಕಾಲು ಮುರಿಯುತ್ತೇನೆ.

ಅಕ್ಕ